ಕೋಡಿಹಳ್ಳಿಯಲ್ಲಿ ಗುಂಡಿಗೆ ನಿಂತರೆ ಕನಕಪುರದವರೆಗೂ ಕಾಯುತ್ತದೆಯೇ?

ಕೋಡಿಹಳ್ಳಿಯಲ್ಲಿ ಕನಕಪುರದ ಬಸ್ಸಿಗೆ ಕಾಯುವವರಿಗೆಲ್ಲ ಒಂದು ಲೆಕ್ಕ ಬಾಯಿಪಾಠ. ಬಸ್ಸು ಬರಬೇಕು, ಹತ್ತಬೇಕು, ಕೈ ಒಡ್ಡಿದ ಕಡೆಯೆಲ್ಲ ನಿಂತು ನಿಂತು ಹೋಗಬೇಕು. ಕನಕಪುರ ಮುಟ್ಟುವ ಹೊತ್ತಿಗೆ ಅರ್ಧ ಗಂಟೆ ದಾಟಿರುತ್ತದೆ. ಅಲ್ಲಿಂದ ಬೆಂಗಳೂರಿಗೆ ಮತ್ತೆ ಐವತ್ತು ಚಿಲ್ಲರೆ ಕಿಲೋಮೀಟರು. ರೇಷ್ಮೆಗೂಡು ಹೊತ್ತವರು, ಕಾಲೇಜಿನ ಮಕ್ಕಳು, ಕೋರ್ಟು ಕಚೇರಿ ಅಲೆಯುವವರು, ಎಲ್ಲರೂ ಈ ಲೆಕ್ಕಕ್ಕೆ ಒಗ್ಗಿಹೋಗಿದ್ದಾರೆ.

ಒಗ್ಗದೇ ಇರುವುದು ಒಂದೇ ಒಂದು. ಮನುಷ್ಯನ ಗುಂಡಿಗೆ!

ಬಡಿತ ನಿಂತ ಗುಂಡಿಗೆ ಅರ್ಧ ಗಂಟೆ ಕಾಯುವುದಿಲ್ಲ. ಹತ್ತು ನಿಮಿಷ ಕಾದರೆ ಅದೇ ಹೆಚ್ಚು. ಈ ಊರು 1986ರವರೆಗೆ ಬೆಂಗಳೂರು ಜಿಲ್ಲೆಯಲ್ಲಿತ್ತು. ಆಮೇಲೆ ಬೆಂಗಳೂರು ಗ್ರಾಮಾಂತರವಾಯಿತು. 2007ರಲ್ಲಿ ರಾಮನಗರ ಜಿಲ್ಲೆ ಬಂತು. 2025ರಲ್ಲಿ ಅದಕ್ಕೂ ಬೆಂಗಳೂರು ದಕ್ಷಿಣ ಎಂದು ಹೆಸರಿಟ್ಟರು. ಬೋರ್ಡು ಮೂರು ಸಲ ಬದಲಾಯಿತು. ಕನಕಪುರದ ದೂರ ಒಂದು ಫರ್ಲಾಂಗೂ ಕಡಿಮೆಯಾಗಲಿಲ್ಲ. ಆದ್ದರಿಂದ ಕೋಡಿಹಳ್ಳಿಯಲ್ಲಿ ಎದೆ ನಿಂತವನು ಬದುಕಬೇಕಾದರೆ ಕೋಡಿಹಳ್ಳಿಯಲ್ಲೇ ಬದುಕಬೇಕು. ಅವನನ್ನು ಉಳಿಸುವವರು ಇಬ್ಬರೇ. ಒಬ್ಬರು ಊರಿನ ಡಾಕ್ಟರು. ಇನ್ನೊಬ್ಬರು ಪಕ್ಕದಲ್ಲಿ ನಿಂತವರು.

‘ಗ್ಯಾಸು ಕಣೆ, ಬುಡು’

ಒಂದು ಮಾತಿಗೆ ಇಟ್ಟುಕೊಳ್ಳಿ. ಐವತ್ತೆರಡರ ಒಬ್ಬ ಅಂಗಡಿ ಯಜಮಾನರು. ಬೆಳಿಗ್ಗೆ ಬಾಗಿಲು ತೆಗೆದು, ಕಸ ಗುಡಿಸಿ, ಊದುಬತ್ತಿ ಹಚ್ಚಿ ಗಲ್ಲಾದ ಮುಂದೆ ಕೂತಿದ್ದಾರೆ. ಎದೆ ಮೇಲೆ ಕಲ್ಲು ಹೇರಿದ ಹಾಗೆ ಭಾರ. ಎಡಗೈ ಸೆಳೆತ. ಮೈಯೆಲ್ಲ ತಣ್ಣನೆ ಬೆವರು.

‘ಯಾಕ್ರೀ ಹಿಂಗೆ ಬೆವರ್ತಾ ಇದೀರಿ?’ ಎನ್ನುತ್ತಾರೆ ಮನೆಯವರು.

‘ಗ್ಯಾಸು ಕಣೆ, ಬುಡು. ರಾತ್ರಿ ಅವರೆಕಾಳು ಸಾರು ಒಸಿ ಜಾಸ್ತಿಯಾಯ್ತು.’

ಪಕ್ಕದ ಅಂಗಡಿಯವರ ಸಲಹೆ ಸಿದ್ಧವಾಗಿರುತ್ತದೆ. ‘ಒಂದು ಸೋಡಾ ಕುಡೀರಣ್ಣ, ತೇಗು ಬಂದ್ರೆ ಹೊಂಟೋಯ್ತದೆ.’

ಸೋಡಾ ಆಯಿತು. ಓಮಿನ ಕಾಳು ಆಯಿತು. ಒಂದು ಗಂಟೆ ಹೋಯಿತು. ಕೊನೆಗೆ ‘ಒಂದು ಸೂಜಿ ಹಾಕಿಸ್ಕೊಂಡು ಬತ್ತೀನಿ’ ಎಂದು ಡಾಕ್ಟ್ರ ಶಾಪಿಗೆ ನಡೆದುಕೊಂಡೇ ಹೋದರು. ಅಲ್ಲಿ ಜ್ವರದವರು, ಕೆಮ್ಮಿನವರು, ಕಂಕುಳಲ್ಲಿ ಕೂಸು ಎತ್ತಿಕೊಂಡವರು. ಯಜಮಾನರು ತಮ್ಮ ಸರದಿ ಕಾದು ಬೆಂಚಿನ ಮೇಲೆ ಕೂತರು. ಕೂತವರು ಹಾಗೇ ಪಕ್ಕಕ್ಕೆ ವಾಲಿ ನೆಲಕ್ಕೆ ಉರುಳಿದರು.

ಮುಂದೆ ಆಗುವುದನ್ನು ಈ ಸೀಮೆಯವರಿಗೆ ಹೇಳಿಕೊಡಬೇಕಾಗಿಲ್ಲ. ‘ನೀರು ಚಿಮುಕ್ಸ್ರೋ!’ ‘ಕೈಗೆ ಕಬ್ಣ ಕೊಡ್ರೋ!’ ‘ಆಟೋ ತಗಂಬಾರ್ಲಾ!’ ನಾಲ್ಕು ಜನ ಕೈ ಕಾಲು ಹಿಡಿದು ಎತ್ತಿದರು. ಒಬ್ಬರು ತಲೆ ತೊಡೆಯ ಮೇಲೆ ಇಟ್ಟುಕೊಂಡರು. ಆಟೋ ಹಾರನ್ನು ಹೊಡೆಯುತ್ತ ಕನಕಪುರದ ಕಡೆ ಓಡಿತು. ಹತ್ತಿಸಿದ್ದು ಮನುಷ್ಯನನ್ನು, ಕನಕಪುರದಲ್ಲಿ ಇಳಿಸಿದ್ದು ಹೆಣವನ್ನು.

ಯಾರೂ ಕೆಟ್ಟವರಲ್ಲ. ಎಲ್ಲರೂ ಓಡಾಡಿದರು. ಆದರೆ ಮಾಡಲೇಬೇಕಾಗಿದ್ದ ಒಂದು ಕೆಲಸವನ್ನು ಯಾರೂ ಮಾಡಲಿಲ್ಲ.

ಎರಡು ಕಾಯಿಲೆ, ಒಂದೇ ಹೆಸರು

ಜನ ಎರಡು ಬೇರೆ ಸಂಗತಿಗಳಿಗೆ ಒಂದೇ ಹೆಸರಿಟ್ಟಿದ್ದಾರೆ: ಹಾರ್ಟಟ್ಯಾಕು. ಬೋರ್‌ವೆಲ್ ಇಟ್ಟವರಿಗೆ ಇದರ ವ್ಯತ್ಯಾಸ ಬೇಗ ತಿಳಿಯುತ್ತದೆ. ಪೈಪಿನಲ್ಲಿ ಕಸ ಕಟ್ಟಿ ಒಂದು ತಾಕಿಗೆ ನೀರು ಹೋಗುತ್ತಿಲ್ಲ, ಆದರೆ ಮೋಟಾರು ಓಡುತ್ತಲೇ ಇದೆ. ಇದು ಹೃದಯಾಘಾತ, ಅಂದರೆ ಹಾರ್ಟ್ ಅಟ್ಯಾಕ್. ಹೃದಯಕ್ಕೇ ರಕ್ತ ಒಯ್ಯುವ ನಾಳ ಕಟ್ಟಿಕೊಂಡಿರುತ್ತದೆ. ಮನುಷ್ಯ ಎಚ್ಚರವಾಗಿರುತ್ತಾನೆ, ಮಾತಾಡುತ್ತಾನೆ, ‘ನೋವು’ ಎನ್ನುತ್ತಾನೆ.

ಮೋಟಾರೇ ನಿಂತರೆ? ಅದು ಹೃದಯ ಸ್ತಂಭನ, ಅಂದರೆ ಕಾರ್ಡಿಯಾಕ್ ಅರೆಸ್ಟ್. ಮನುಷ್ಯ ಬಿದ್ದ ಕೂಡಲೇ ಎಚ್ಚರ ತಪ್ಪುತ್ತದೆ. ಉಸಿರು ನಿಲ್ಲುತ್ತದೆ. ಇದರಲ್ಲೂ ಒಂದು ಬಗೆಯಿದೆ. ಎರಡೇ ಫೇಸು ಕರೆಂಟು ಬಂದಾಗ ಮೋಟಾರು ಗುಂಯ್ ಎಂದು ನಡುಗುತ್ತದೆಯೇ ಹೊರತು ನೀರೆತ್ತುವುದಿಲ್ಲವಲ್ಲ, ಹಾಗೆ ಹೃದಯವೂ ಬಡಿಯುವ ಬದಲು ಬರೀ ಅದುರತೊಡಗುತ್ತದೆ. ದೊಡ್ಡವರು ಹಠಾತ್ತನೆ ಬಿದ್ದಾಗ ಮೊದಲ ನಿಮಿಷಗಳಲ್ಲಿ ಅನೇಕ ಸಲ ಇರುವುದು ಈ ಅದುರಾಟವೇ. ಕರೆಂಟಿನ ಒಂದು ಪೆಟ್ಟು ಕೊಟ್ಟರೆ ಅದುರಾಟ ನಿಂತು ಬಡಿತ ಮತ್ತೆ ಹತ್ತಿಕೊಳ್ಳಬಹುದು. ತಡವಾದರೆ ಆ ಅದುರಾಟವೂ ಆರಿಹೋಗುತ್ತದೆ. ಆಮೇಲೆ ಪೆಟ್ಟಿಗೂ ಬಗ್ಗುವುದಿಲ್ಲ.

ಮೊದಲನೆಯದು ಎರಡನೆಯದಕ್ಕೆ ಯಾವ ಗಳಿಗೆಯಲ್ಲಾದರೂ ತಿರುಗಬಹುದು. ಅದಕ್ಕೇ ಎದೆನೋವಿನವನನ್ನು ಜ್ವರದವರ ಸಾಲಿನಲ್ಲಿ ಕೂರಿಸಬಾರದು. ಸೋಡಾ ಅಂಗಡಿಗಂತೂ ಕಳಿಸಲೇಬಾರದು.

ನಿಮಿಷಕ್ಕೆ ಹತ್ತು ರೂಪಾಯಿ ಸೋರಿಕೆ

ಹೃದಯ ನಿಂತು, ಯಾರೂ ಏನೂ ಮಾಡದೆ ಬಿಟ್ಟರೆ, ಬದುಕುವ ಆಸೆ ಒಂದೊಂದು ನಿಮಿಷಕ್ಕೂ ನೂರಕ್ಕೆ ಏಳರಿಂದ ಹತ್ತು ಪಾಲು ಕಳಚಿ ಬೀಳುತ್ತದೆ. ಅಂಗಡಿಯವರ ಲೆಕ್ಕದಲ್ಲಿ ಹೇಳುವುದಾದರೆ ನೂರು ರೂಪಾಯಿ ಬಂಡವಾಳದಲ್ಲಿ ನಿಮಿಷಕ್ಕೆ ಹತ್ತು ರೂಪಾಯಿ ಸೋರಿಕೆ. ಹತ್ತು ನಿಮಿಷದಲ್ಲಿ ಗಲ್ಲಾ ಖಾಲಿ. ನಾಲ್ಕೈದು ನಿಮಿಷಕ್ಕೇ ಮಿದುಳು ಕೆಡಲು ಶುರುವಾಗುತ್ತದೆ.

ಎದೆ ಒತ್ತಿದರೆ ಈ ಸೋರಿಕೆ ಅರ್ಧದಷ್ಟು ತಗ್ಗುತ್ತದೆ. ಹೊರಗಿನಿಂದ ಒತ್ತಿದಾಗ ಒಳಗಿನ ರಕ್ತ ಅಷ್ಟಿಷ್ಟು ಮಿದುಳಿನ ಕಡೆ ಹೋಗುತ್ತದೆ. ಮೋಟಾರು ಕೆಟ್ಟಾಗ ಕೈಪಂಪು ಹೊಡೆದ ಹಾಗೆ. ಇದನ್ನೇ ಸಿ.ಪಿ.ಆರ್. ಎನ್ನುತ್ತಾರೆ.

ಇದು ಬಹಳ ಹಳೆಯ ವಿದ್ಯೆಯೇನಲ್ಲ. ಅಮೆರಿಕದ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯಲ್ಲಿ ಕೌವೆನ್ಹೋವೆನ್, ಜೂಡ್, ನಿಕರ್‌ಬಾಕರ್ ಎಂಬ ಮೂವರು 1960ರಲ್ಲಿ ಇದನ್ನು ಪ್ರಕಟಿಸಿದರು. ಅವರಲ್ಲಿ ಹಿರಿಯರಾದ ಕೌವೆನ್ಹೋವೆನ್ ಡಾಕ್ಟರೇ ಅಲ್ಲ, ಎಲೆಕ್ಟ್ರಿಕಲ್ ಇಂಜಿನಿಯರು! ನಾಯಿಯ ಎದೆಯ ಮೇಲೆ ಶಾಕ್ ಕೊಡುವ ಭಾರದ ಹಿಡಿಗಳನ್ನು ಅದುಮಿದಾಗ, ಕರೆಂಟು ಬಿಡುವ ಮೊದಲೇ ರಕ್ತದೊತ್ತಡ ಏರುವುದು ಕಣ್ಣಿಗೆ ಬಿತ್ತು. ಅಲ್ಲಿಯವರೆಗೆ ನಿಂತ ಹೃದಯಕ್ಕೆ ಎದೆ ಕೊಯ್ದು ಒಳಗೆ ಕೈಹಾಕಿ ಹಿಸುಕುತ್ತಿದ್ದರು. ಅದಾದ ಮೇಲೆ ಎರಡು ಕೈ ಇದ್ದರೆ ಸಾಕು, ಯಾರು ಬೇಕಾದರೂ ಎಲ್ಲಿ ಬೇಕಾದರೂ ಮಾಡಬಹುದು ಎಂದಾಯಿತು.

ಆರು ದಶಕ ಕಳೆದವು. ಆ ಎರಡು ಕೈ ಇನ್ನೂ ನಮ್ಮ ಬಸ್ ನಿಲ್ದಾಣಗಳಿಗೆ ಬಂದಿಲ್ಲ. ನೀರು ಚಿಮುಕಿಸುವುದರಲ್ಲೇ ಇದೆ.

ಆ ಶುಕ್ರವಾರ

2021ರ ಅಕ್ಟೋಬರ್ 29, ಶುಕ್ರವಾರ. ಕನ್ನಡ ನಾಡಿನಲ್ಲಿ ಆ ದಿನವನ್ನು ಮರೆತವರಿಲ್ಲ. ಬೆಳಿಗ್ಗೆ ಕಸರತ್ತು ಮುಗಿಸಿದ ಮೇಲೆ ಪುನೀತ್ ರಾಜಕುಮಾರ್ ಅವರಿಗೆ ಮೈ ಸರಿಯೆನಿಸಲಿಲ್ಲ. ಮೊದಲು ಹೋದದ್ದು ದೊಡ್ಡ ಆಸ್ಪತ್ರೆಗಲ್ಲ, ಎಲ್ಲರೂ ಹೋಗುವ ಹಾಗೆ ಮನೆಯ ಡಾಕ್ಟರ ಹತ್ತಿರಕ್ಕೆ, ಸದಾಶಿವನಗರದ ಕ್ಲಿನಿಕ್ಕಿಗೆ. ಅಲ್ಲಿ ಇ.ಸಿ.ಜಿ. ತೆಗೆದರು. ಅಲ್ಲಿಂದ ವಿಕ್ರಂ ಆಸ್ಪತ್ರೆಗೆ ಹೊರಟರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಹೃದಯ ನಿಂತಿತ್ತು. ಅಲ್ಲಿನ ವೈದ್ಯರು ಎಷ್ಟು ಪ್ರಯತ್ನಪಟ್ಟರೂ ಮತ್ತೆ ಬಡಿಯಲಿಲ್ಲ. ವಯಸ್ಸು 46. ತಂದೆ ಡಾ. ರಾಜಕುಮಾರ್ 2006ರ ಏಪ್ರಿಲ್ 12ರಂದು ಹೋದದ್ದೂ ಹೃದಯ ನಿಂತೇ.

ಬೆಂಗಳೂರಿನ ನಟ್ಟನಡುವೆ, ಕಾರು ಬಾಗಿಲಲ್ಲೇ ಇದ್ದು, ಕೂಗಳತೆಯಲ್ಲಿ ಆಸ್ಪತ್ರೆ ಇದ್ದವರ ಕತೆಯೇ ಹೀಗಾಯಿತು. ಕೋಡಿಹಳ್ಳಿಯವರು ಇದರಿಂದ ತಿಳಿಯಬೇಕಾದದ್ದು ಯಾರದು ತಪ್ಪು ಎಂಬುದನ್ನಲ್ಲ. ಹೃದಯ ನಿಲ್ಲುವುದು ಆಸ್ಪತ್ರೆ ನೋಡಿಕೊಂಡಲ್ಲ. ಮನೆಯಲ್ಲಿ, ಶಾಪಿನ ಬೆಂಚಿನ ಮೇಲೆ, ದಾರಿಯಲ್ಲಿ ನಿಲ್ಲುತ್ತದೆ ಎಂಬುದನ್ನು.

ಆಮೇಲೆ ಏನಾಯಿತು? ಜನ ಜಯದೇವ ಆಸ್ಪತ್ರೆಯ ಮುಂದೆ ಇ.ಸಿ.ಜಿ.ಗೆ ಸಾಲು ನಿಂತರು. ಅಪ್ಪು ಕಣ್ಣು ಕೊಟ್ಟು ಹೋದರೆಂದು ನೇತ್ರದಾನಕ್ಕೆ ಹೆಸರು ಬರೆಸಿದರು. ಅದು ಒಳ್ಳೆಯದೇ. 2025ರ ಜೂನ್‌ನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ಬಂದಾಗಲೂ ಅದೇ ಸಾಲು, ಅದೇ ನೂಕುನುಗ್ಗಲು. ಆಗ ಸರ್ಕಾರ ನೇಮಿಸಿದ ತಜ್ಞರ ಸಮಿತಿ ಆ ಸಾವುಗಳನ್ನು ಪರಿಶೀಲಿಸಿ, ಹೃದಯದ ಸಾವು ದಿಢೀರನೆ ಏರಿರುವ ಲಕ್ಷಣವಿಲ್ಲ ಎಂದಿತು. ಭಯ ಬಂದಾಗಲೆಲ್ಲ ನಮ್ಮವರು ತಮ್ಮ ಎದೆ ತೋರಿಸಿಕೊಳ್ಳಲು ಓಡುತ್ತಾರೆ. ಪಕ್ಕದವನ ಎದೆ ಒತ್ತುವುದನ್ನು ಕಲಿಯಲು ಮಾತ್ರ ಯಾರೂ ಸಾಲು ನಿಲ್ಲಲಿಲ್ಲ.

‘ನನ್ನ ಶಾಪಲ್ಲಿ ಬೇಡಪ್ಪ’

ಪುನೀತ್ ಹೋದ ಮೇಲೆ ಅವರ ಮನೆ ಡಾಕ್ಟರ ಕ್ಲಿನಿಕ್ಕಿಗೆ ಪೊಲೀಸ್ ಕಾವಲು ಹಾಕಬೇಕಾಯಿತು. ಈ ಸಂಗತಿಯನ್ನು ಊರೂರಿನ ಸಣ್ಣ ಡಾಕ್ಟರುಗಳೆಲ್ಲ ಓದಿದ್ದಾರೆ. ಆಸ್ಪತ್ರೆ ಮೇಲೆ ಕಲ್ಲು ತೂರಿದ ಸುದ್ದಿ ತಿಂಗಳಿಗೊಂದು ಓದುತ್ತಾರೆ. ವೈದ್ಯರ ಮೇಲೆ ಕೈ ಮಾಡುವುದರ ವಿರುದ್ಧ ರಾಜ್ಯದಲ್ಲಿ 2009ರಿಂದಲೇ ಕಾನೂನಿದೆ. ಆದರೆ ಕಾನೂನು ಪುಸ್ತಕದಲ್ಲಿರುತ್ತದೆ, ಕಲ್ಲು ಕೈಯಲ್ಲಿರುತ್ತದೆ.

ಹೀಗಾಗಿ ಎದೆ ಹಿಡಿದುಕೊಂಡು ಬಂದವನನ್ನು ಕಂಡರೆ ಸಣ್ಣ ಊರಿನ ಡಾಕ್ಟರಿಗೂ ಎದೆ ಧಸಕ್ ಎನ್ನುತ್ತದೆ. ‘ನನ್ನ ಶಾಪಲ್ಲಿ ಏನಾದ್ರೂ ಆಗೋದು ಬೇಡಪ್ಪ, ಮೊದಲು ಕನಕಪುರಕ್ಕೆ ಹೊರಡ್ಸಿ’ ಎಂಬ ಮಾತು ಬಾಯಿಗೆ ಬರುವುದು ಸಹಜ. ಮನುಷ್ಯ ಎಚ್ಚರವಾಗಿದ್ದರೆ ಬೇಗ ಕಳಿಸುವುದು ಸರಿಯೇ. ಆದರೆ ಅಲ್ಲೇ ಕುಸಿದು ಹೃದಯ ನಿಂತ ಮೇಲೆ ಆಟೋಗೆ ಎತ್ತಿಹಾಕುವುದು ಸಾವನ್ನು ಬೇರೆ ವಿಳಾಸಕ್ಕೆ ಕಳಿಸಿದ ಹಾಗೆ ಅಷ್ಟೇ. ಓಡುವ ಆಟೋದಲ್ಲಿ ಯಾರೂ ಎದೆ ಒತ್ತಲಾರರು.

ಇಲ್ಲಿ ಊರಿನವರ ಪಾಲೂ ಇದೆ. ಡಾಕ್ಟರು ನೆಲದ ಮೇಲೆ ಮಂಡಿಯೂರಿ ಎದೆ ಒತ್ತುತ್ತಿರುವಾಗ ‘ಏನ್ ಸಾಮಿ ಇಲ್ಲೇ ಮಡೀಕಂಡಿದೀರಿ, ದೊಡ್ಡಾಸ್ಪತ್ರೆಗೆ ಬುಡಿ’ ಎಂದು ಜಗಳಕ್ಕೆ ನಿಲ್ಲುವವರು ಒಂದು ಮಾತು ತಿಳಿಯಬೇಕು. ಆ ಹೊತ್ತಿನಲ್ಲಿ ಜಯದೇವ ಆಸ್ಪತ್ರೆಯಲ್ಲಿದ್ದರೂ ಮೊದಲು ಮಾಡುವುದು ಅದನ್ನೇ. ಅಲ್ಲೂ ಎದೆಯನ್ನೇ ಒತ್ತುತ್ತಾರೆ.

ಡಾಕ್ಟ್ರ ಶಾಪಿನಲ್ಲಿ ಆಗಬೇಕಾದ್ದು

ಒಬ್ಬ ಡಾಕ್ಟರು, ಒಬ್ಬ ಕಾಂಪೌಂಡರು, ಚೀಟಿ ಬರೆಯುವ ಒಬ್ಬ ಹುಡುಗಿ. ಇಷ್ಟೇ ಸೈನ್ಯ ಇರುವ ಶಾಪಿನಲ್ಲೂ ಇದನ್ನು ಎದುರಿಸಬಹುದು. ಯಾರ ಕೆಲಸ ಯಾವುದು ಎಂದು ಮೊದಲೇ ಗೊತ್ತಿರಬೇಕು, ಅಷ್ಟೇ.

ಮೊದಲ ಕೆಲಸ ಚೀಟಿ ಹುಡುಗಿಯದು. ಎದೆನೋವು, ಬೆವರು, ಉಬ್ಬಸ ಎಂದು ಬಂದವರನ್ನು ಸಾಲು ಮುರಿದು ಒಳಗೆ ಬಿಡಬೇಕು. ಹೊಟ್ಟೆಯ ಮೇಲ್ಭಾಗದ ಉರಿ, ದವಡೆ ನೋವು, ಬರೀ ಸುಸ್ತು ಎಂದರೂ ಅಷ್ಟೇ. ಹೆಂಗಸರಲ್ಲೂ ಸಕ್ಕರೆ ಕಾಯಿಲೆಯವರಲ್ಲೂ ಎದೆನೋವೇ ಇಲ್ಲದೆ ಹೀಗೆ ಬರುವುದುಂಟು. ಕೂಡಲೇ ಇ.ಸಿ.ಜಿ. ಆಗಬೇಕು. ಹೃದಯಾಘಾತ ಎನಿಸಿದರೆ, ರಕ್ತಸ್ರಾವವಾಗಲಿ ಒಗ್ಗದಿಕೆಯಾಗಲಿ ಇಲ್ಲದವರಿಗೆ ಡಾಕ್ಟರೇ ಆಸ್ಪಿರಿನ್ ಮಾತ್ರೆ ಅಗಿಸುತ್ತಾರೆ. 108ಕ್ಕೆ ಫೋನು ಹೋಗಬೇಕು. ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿರುವ ಈ ಆಂಬುಲೆನ್ಸು ಆಟೋಗಿಂತ ಎಷ್ಟೋ ಮೇಲು. ಅದರಲ್ಲಿ ಆಮ್ಲಜನಕ ಇರುತ್ತದೆ, ನೋಡಿಕೊಳ್ಳಲು ತರಬೇತಾದ ಕೈ ಇರುತ್ತದೆ.

ರೋಗಿ ಕುಸಿದರೆ? ಗಡಿಯಾರ ನೋಡಿ ಹೊತ್ತು ಗುರುತಿಟ್ಟುಕೊಳ್ಳಬೇಕು. ಮೆತ್ತನೆ ಹಾಸಿಗೆಯಿಂದ ಗಟ್ಟಿ ನೆಲಕ್ಕೆ ಇಳಿಸಬೇಕು. ಮೆತ್ತೆಯ ಮೇಲೆ ಒತ್ತಿದರೆ ಮೆತ್ತೆ ಕುಗ್ಗುತ್ತದೆಯೇ ಹೊರತು ಎದೆಯಲ್ಲ. ನಾಡಿ ಹುಡುಕುತ್ತ ಹತ್ತು ಸೆಕೆಂಡಿಗಿಂತ ಹೆಚ್ಚು ಕೂರಬಾರದು. ಒಬ್ಬರು ಎದೆ ಒತ್ತಲು ಶುರುಮಾಡಬೇಕು. ಇನ್ನೊಬ್ಬರು ಬಾಯಿಗೆ ಮಾಸ್ಕು ಹಿಡಿದು ಚೀಲದಿಂದ ಗಾಳಿ ಕೊಡಬೇಕು. ಲೆಕ್ಕ ಮೂವತ್ತು ಸಲ ಒತ್ತು, ಎರಡು ಸಲ ಗಾಳಿ. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು. ಎಂಥ ಗಟ್ಟಿಗನೂ ಎರಡು ನಿಮಿಷದಲ್ಲಿ ಸೋಲುತ್ತಾನೆ; ಸೋತದ್ದು ಅವನಿಗೇ ಗೊತ್ತಾಗುವುದಿಲ್ಲ.

ಶಾಕ್ ಪೆಟ್ಟಿಗೆ, ಅಂದರೆ ಎ.ಇ.ಡಿ. ಇದ್ದರೆ ತಕ್ಷಣ ಹಚ್ಚಬೇಕು. 1960ರ ದಶಕದ ನಡುವೆ ಬೆಲ್‌ಫಾಸ್ಟ್‌ನ ಡಾಕ್ಟರ್ ಫ್ರಾಂಕ್ ಪ್ಯಾಂಟ್ರಿಜ್ ಇಂಥ ಯಂತ್ರವನ್ನು ಮೊದಲು ಆಂಬುಲೆನ್ಸಿಗೆ ಏರಿಸಿದಾಗ ಅದು ಕಾರಿನ ಬ್ಯಾಟರಿಯಿಂದ ನಡೆಯುತ್ತಿತ್ತು, ತೂಕ ಸುಮಾರು 70 ಕಿಲೋ. ಈಗಿನದು ತುಂಬಿದ ಟಿಫನ್ ಕ್ಯಾರಿಯರ್‌ನಷ್ಟು. ತೆರೆದ ಕೂಡಲೇ ಅದೇ ಮಾತಾಡಿ ದಾರಿ ಹೇಳುತ್ತದೆ. ಎರಡು ಪಟ್ಟಿಗಳನ್ನು ಎಲ್ಲಿ ಅಂಟಿಸಬೇಕೆಂದು ಅದರ ಮೇಲೇ ಚಿತ್ರ ಇರುತ್ತದೆ: ಒಂದು ಬಲಗಡೆ ಕೊರಳೆಲುಬಿನ ಕೆಳಗೆ, ಇನ್ನೊಂದು ಎಡಗಂಕುಳಿನ ಕೆಳಗೆ. ಎದೆ ಬೆವರಿದ್ದರೆ ಒರೆಸಬೇಕು. ಪೆಟ್ಟು ಕೊಡುವಾಗ ಯಾರೂ ಮುಟ್ಟಬಾರದು. ಪೆಟ್ಟಾದ ಮರುಗಳಿಗೆಯೇ ಮತ್ತೆ ಒತ್ತಬೇಕು. ಪೆಟ್ಟು ಬೇಕೋ ಬೇಡವೋ ಎಂಬುದನ್ನು ಯಂತ್ರವೇ ನೋಡಿಕೊಳ್ಳುತ್ತದೆ, ಬೇಡದವರಿಗೆ ಕೊಡುವುದಿಲ್ಲ.

ಸೂಜಿ ಬರುವುದು ಇವುಗಳ ಜೊತೆಗೆ, ಇವುಗಳ ಬದಲಿಗಲ್ಲ. ರಕ್ತನಾಳಕ್ಕೆ ಅಡ್ರಿನಲಿನ್ ಒಂದು ಮಿಲಿಗ್ರಾಂ, ಮೂರರಿಂದ ಐದು ನಿಮಿಷಕ್ಕೊಮ್ಮೆ. ‘ಒಂದು ಸೂಜಿ ಚುಚ್ಚಿ ಡಾಕ್ಟ್ರೇ, ಸರಿಹೋಯ್ತದೆ’ ಎಂದು ಗೋಗರೆಯುವವರಿಗೆ ಇದು ತಿಳಿದಿರಬೇಕು. ಹೃದಯ ನಿಂತು ರಕ್ತವೇ ಹರಿಯದಾಗ ಬರೀ ಸೂಜಿ ಚುಚ್ಚುವುದು, ನೀರಿಲ್ಲದ ಕಾಲುವೆಗೆ ಗೊಬ್ಬರ ಸುರಿದ ಹಾಗೆ. ಔಷಧಿಯನ್ನು ಹೃದಯಕ್ಕೆ ಒಯ್ಯುವುದೂ ಎದೆ ಒತ್ತುವ ಆ ಕೈಯೇ.

ಇದಕ್ಕೆಲ್ಲ ದೊಡ್ಡ ಬಂಡವಾಳ ಬೇಡ. ಗಾಳಿ ಚೀಲ, ಆಮ್ಲಜನಕದ ಸಿಲಿಂಡರು, ನಾಲ್ಕಾರು ಔಷಧಿ. ಹೆಚ್ಚು ಬೆಲೆಯದು ಶಾಕ್ ಪೆಟ್ಟಿಗೆ ಒಂದೇ. ಒಂದು ಲಕ್ಷ ರೂಪಾಯಿ ಆಸುಪಾಸು. ಒಬ್ಬ ಸಣ್ಣ ಡಾಕ್ಟರಿಗೆ ಅದು ಭಾರವಾಗಬಹುದು. ಒಂದು ಬಜಾರಿಗೆ ಭಾರವೇ? ಗಣಪತಿ ಪೆಂಡಾಲಿಗೆ ಚಂದಾ ಎತ್ತುವ ಊರುಗಳಿಗೆ ಇದನ್ನು ಎತ್ತುವುದು ಗೊತ್ತಿಲ್ಲದ ಕೆಲಸವೇನಲ್ಲ. ಆದರೆ ತಂದು ಬೀರುವಿನಲ್ಲಿಟ್ಟು ಅರಿಶಿನ ಕುಂಕುಮ ಹಚ್ಚಿದರೆ ಪ್ರಯೋಜನವಿಲ್ಲ. ಬ್ಯಾಟರಿಗೂ ಅಂಟುಪಟ್ಟಿಗೂ ಗಡುವಿನ ತಾರೀಖು ಇರುತ್ತದೆ. ತಿಂಗಳಿಗೊಮ್ಮೆ ತೆರೆದು ನೋಡಬೇಕು. ಮೂರು ತಿಂಗಳಿಗೊಮ್ಮೆ ಶಾಪಿನವರೆಲ್ಲ ಸೇರಿ ಒಂದು ದಿಂಬಿನ ಮೇಲಾದರೂ ತಾಲೀಮು ಮಾಡಬೇಕು. ನಾಟಕದವರು ತಾಲೀಮಿಲ್ಲದೆ ರಂಗ ಹತ್ತುತ್ತಾರೆಯೇ?

ಡಾಕ್ಟರು ಇಲ್ಲದ ಹೊತ್ತಿನಲ್ಲಿ

ಶಾಪಿಗೆ ಬೀಗ ಬಿದ್ದಿದೆ. ರಾತ್ರಿ ಎಂಟೂವರೆ. ಬಿದ್ದವನ ಪಕ್ಕದಲ್ಲಿ ಇರುವವರು ಟೀ ಅಂಗಡಿಯವರು, ಪಂಕ್ಚರ್ ಹಾಕುವ ಹುಡುಗ, ಕೊನೆ ಬಸ್ಸಿಗೆ ಕಾಯುವ ನಾಲ್ಕು ಜನ. ಇವರಿಗೆಂದೇ ಇಂಡಿಯನ್ ರಿಸಸಿಟೇಷನ್ ಕೌನ್ಸಿಲ್ 2017ರಲ್ಲಿ ಸುಲಭದ ಕ್ರಮವೊಂದನ್ನು ಹೇಳಿತು. ಬಾಯಿಗೆ ಬಾಯಿ ಹಚ್ಚಿ ಉಸಿರು ಕೊಡುವ ಗೋಜಿಲ್ಲ. ಬರೀ ಎದೆ ಒತ್ತುವುದು.

ಭುಜ ತಟ್ಟಿ ‘ಅಣ್ಣಾ, ಅಣ್ಣಾ’ ಎಂದು ಜೋರಾಗಿ ಕೂಗಬೇಕು. ಮಾತಿಲ್ಲ, ಸರಿಯಾದ ಉಸಿರಿಲ್ಲ ಎಂದರೆ ಹೃದಯ ನಿಂತಿದೆ ಎಂದೇ ತಿಳಿಯಬೇಕು. ಒಬ್ಬರ ಕಡೆಗೆ ಬೆರಳು ತೋರಿಸಿ ‘ನೀನು 108ಕ್ಕೆ ಫೋನ್ ಮಾಡು’ ಎನ್ನಬೇಕು. ‘ಯಾರಾದ್ರೂ ಮಾಡ್ರೋ’ ಎಂದರೆ ಯಾರೂ ಮಾಡುವುದಿಲ್ಲ. ಅಂಗಾತ ಮಲಗಿಸಿ, ಎದೆಯ ನಡುವಿನ ಎಲುಬಿನ ಕೆಳ ಅರ್ಧದ ಮೇಲೆ ಅಂಗೈಯ ಬುಡ ಇಟ್ಟು, ಅದರ ಮೇಲೆ ಇನ್ನೊಂದು ಕೈ ಇಟ್ಟು, ಮೊಳಕೈ ಮಡಚದೆ, ಮೈಭಾರ ಬಿಟ್ಟು ಒತ್ತಬೇಕು. ಎರಡು ಅಂಗುಲ ಆಳ. ಪ್ರತಿ ಸಲವೂ ಎದೆ ಪೂರ್ತಿ ಮೇಲೆ ಬರಲು ಬಿಡಬೇಕು. ನಿಮಿಷಕ್ಕೆ ನೂರರಿಂದ ನೂರಿಪ್ಪತ್ತು, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು. ಗಟ್ಟಿಯಾಗಿ ಎಣಿಸುತ್ತಿದ್ದರೆ ಲಯ ತಪ್ಪುವುದಿಲ್ಲ. ಆಂಬುಲೆನ್ಸು ಬರುವವರೆಗೆ, ಇಲ್ಲವೇ ಆತ ಕಣ್ಣು ಬಿಡುವವರೆಗೆ ನಿಲ್ಲಿಸಬಾರದು.

ಇಲ್ಲಿ ಜನ ಮೋಸಹೋಗುವ ಎರಡು ಜಾಗ ಇವೆ. ಒಂದು, ಬಿದ್ದವನು ಮೀನಿನ ಹಾಗೆ ಬಾಯಿ ತೆರೆದು ಆಗೊಮ್ಮೆ ಈಗೊಮ್ಮೆ ಗೊರ್ ಎಂದು ಉಸಿರೆಳೆಯುತ್ತಾನೆ. ‘ಉಸ್ರು ಆಡ್ತಾ ಅದೆ ಬುಡ್ರೋ’ ಎಂದು ಎಲ್ಲರೂ ಕೈಕಟ್ಟಿ ನಿಲ್ಲುತ್ತಾರೆ. ಅದು ಉಸಿರಲ್ಲ, ಹೃದಯ ನಿಂತ ಮೇಲಿನ ಕೊನೆಯ ಎಳೆತ. ಇನ್ನೊಂದು, ಬಿದ್ದ ಕೂಡಲೇ ಕೈಕಾಲು ಒಂದೆರಡು ಸಲ ಅದುರುತ್ತವೆ. ‘ಮೂರ್ಛೆ ರೋಗ’ ಎಂದು ಬೀಗದ ಕೈ ಹುಡುಕುತ್ತಾರೆ. ಕೈಗೆ ಕಬ್ಬಿಣ ಕೊಟ್ಟರೆ ಮೂರ್ಛೆಯೂ ಹೋಗುವುದಿಲ್ಲ, ನಿಂತ ಹೃದಯವೂ ಓಡುವುದಿಲ್ಲ. ಬಾಯಿಗೆ ನೀರು ಸುರಿದರಂತೂ ಶ್ವಾಸನಾಳಕ್ಕೇ ಹೋಗುತ್ತದೆ.

‘ಪಕ್ಕೆಲುಬು ಮುರಿದ್ರೆ?’ ಮುರಿಯಬಹುದು. ಮುರಿದ ಎಲುಬು ಕೂಡುತ್ತದೆ. ‘ಹೃದಯ ನಿಂತಿಲ್ಲದವನಿಗೆ ಒತ್ತಿಬಿಟ್ರೆ?’ ಅವನು ನೋವಿಗೆ ಕೈ ತಳ್ಳುತ್ತಾನೆ, ಆಗ ಬಿಟ್ಟರಾಯಿತು. ಒತ್ತದೆ ಬಿಡುವುದೇ ದೊಡ್ಡ ಅಪಾಯ. ಪಂಪ್‌ಸೆಟ್ಟಿನಲ್ಲಿ ಶಾಕ್ ಹೊಡೆದು ಬಿದ್ದವರಿಗೂ, ಮೊದಲು ಕರೆಂಟು ತೆಗೆದು, ಇದೇ ಕೆಲಸ. ಸಂಗಮ, ಮೇಕೆದಾಟಿನ ಕಡೆ ನೀರಿಗೆ ಬಿದ್ದವರಿಗೆ ಮಾತ್ರ ಎದೆ ಒತ್ತುವುದರ ಜೊತೆಗೆ ಉಸಿರೂ ಬೇಕು, ಏಕೆಂದರೆ ಅವರಲ್ಲಿ ಮೊದಲು ತಪ್ಪಿದ್ದು ಉಸಿರು.

ಬಸ್ಸಿನಲ್ಲಾದರೆ

2024ರ ನವೆಂಬರ್ 6. ನೆಲಮಂಗಲದಿಂದ ದಾಸನಪುರದ ಕಡೆ ಹೊರಟಿದ್ದ ಬಿ.ಎಂ.ಟಿ.ಸಿ. ಬಸ್ಸಿನ ಚಾಲಕ ಸ್ಟಿಯರಿಂಗ್ ಹಿಡಿದಂತೆಯೇ ಕುಸಿದರು. ವಯಸ್ಸು ನಲವತ್ತರ ಆಸುಪಾಸು. ಬಸ್ಸು ಓಡುತ್ತಲೇ ಇತ್ತು. ಕಂಡಕ್ಟರು ಹಾರಿ ಬಂದು ಚಾಲಕರ ಜಾಗಕ್ಕೆ ನುಗ್ಗಿ ಬಸ್ಸು ನಿಲ್ಲಿಸಿದರು. ಪ್ರಯಾಣಿಕರು ಉಳಿದರು. ಚಾಲಕ ಉಳಿಯಲಿಲ್ಲ. ಬಸ್ಸಿನೊಳಗಿನ ಕ್ಯಾಮೆರಾದಲ್ಲಿ ಸೆರೆಯಾದ ಆ ದೃಶ್ಯವನ್ನು ನಾಡೆಲ್ಲ ನೋಡಿತು.

ಆ ಕಂಡಕ್ಟರು ಮಾಡಿದ್ದು ಸಣ್ಣ ಕೆಲಸವಲ್ಲ. ಕನಕಪುರ, ಕೋಡಿಹಳ್ಳಿ, ಹುಣಸನಹಳ್ಳಿ ಕಡೆ ಓಡುವ ಬಸ್ಸುಗಳಲ್ಲೂ ಇಂಥದ್ದು ನಾಳೆಯೇ ಆಗಬಹುದು. ಚೀಟಿ ಹರಿಯುವ ಕೈಗೆ ಎದೆ ಒತ್ತುವುದನ್ನೂ ಕಲಿಸಿದರೆ, ದಿನಕ್ಕೆ ನೂರಾರು ಜನರ ನಡುವೆ ಓಡಾಡುವ ಒಬ್ಬ ಪ್ರಾಣರಕ್ಷಕ ಪ್ರತಿ ಬಸ್ಸಿನಲ್ಲೂ ಇದ್ದ ಹಾಗಾಗುತ್ತದೆ. ಕಲಿಸಲು ಬೇಕಾದ್ದು ಒಂದು ಮಧ್ಯಾಹ್ನ.

ಕಲಿಸಿದರೆ ಫಲ ಸಿಗುತ್ತದೆಯೇ ಎನ್ನುವವರು ಡೆನ್ಮಾರ್ಕಿನ ಕಡೆ ನೋಡಬೇಕು. ಅಲ್ಲಿ ಶಾಲಾ ಮಕ್ಕಳಿಗೆ ಎದೆ ಒತ್ತುವುದನ್ನು ಕಡ್ಡಾಯವಾಗಿ ಕಲಿಸಿದರು. ಡ್ರೈವಿಂಗ್ ಲೈಸೆನ್ಸು ಬೇಕಾದರೂ ಕಲಿಯಲೇಬೇಕು ಎಂದರು. 2001ರಲ್ಲಿ ಆಸ್ಪತ್ರೆಯ ಹೊರಗೆ ಹೃದಯ ನಿಂತವರ ಪೈಕಿ ನೂರಕ್ಕೆ 21 ಜನರಿಗೆ ಪಕ್ಕದಲ್ಲಿದ್ದವರು ಎದೆ ಒತ್ತುತ್ತಿದ್ದರು. 2010ಕ್ಕೆ ಅದು 45ಕ್ಕೆ ಏರಿತು. ತಿಂಗಳ ನಂತರವೂ ಬದುಕಿದ್ದವರು ನೂರಕ್ಕೆ 3.5ರಿಂದ 10.8 ಆದರು. ಮೂರು ಪಟ್ಟು! ಆದರೂ ನೂರರಲ್ಲಿ ಉಳಿದವರು ಹನ್ನೊಂದೇ ಜನ. ಎಷ್ಟೇ ಚೆನ್ನಾಗಿ ಮಾಡಿದರೂ ಹೆಚ್ಚಿನವರು ಉಳಿಯುವುದಿಲ್ಲ. ಇದನ್ನೂ ಊರು ತಿಳಿದಿರಬೇಕು. ಉಳಿಯಲಿಲ್ಲವೆಂದು ಡಾಕ್ಟರ ಮೇಲೆ ಏರಿಹೋಗುವ ಮುಂಚೆ ಈ ಲೆಕ್ಕ ನೆನಪಿಗೆ ಬರಬೇಕು.

ಕೀಲಿಕೈ ಯಾರ ಹತ್ತಿರ?

ಸರ್ಕಾರ ಏನೂ ಮಾಡಿಲ್ಲವೆಂದಲ್ಲ. ಪುನೀತ್ ಹೆಸರಿನಲ್ಲೇ 2023ರಲ್ಲಿ ಹೃದಯ ಜ್ಯೋತಿ ಯೋಜನೆ ಬಂತು. ಎದೆನೋವಿನವರಿಗೆ ತಾಲ್ಲೂಕು ಆಸ್ಪತ್ರೆಯಲ್ಲೇ ಇ.ಸಿ.ಜಿ. ತೆಗೆದು, ತಂತಿಯ ಮೇಲೆ ತಜ್ಞರಿಗೆ ಕಳಿಸಿ, ಬೇಕಾದವರಿಗೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಬಿಟ್ಟಿಯಾಗಿ ಕೊಡುವುದು ಅದರ ಕೆಲಸ. ಹೊರಗೆ ಕೊಂಡರೆ ಅದಕ್ಕೆ ಹತ್ತಾರು ಸಾವಿರ ರೂಪಾಯಿ. ಆದರೆ ಆ ಮದ್ದು ಕಟ್ಟಿಕೊಂಡ ನಾಳಕ್ಕೆ; ಬಡಿಯುತ್ತಿರುವ ಹೃದಯ ಹೊತ್ತು ಆಸ್ಪತ್ರೆ ಬಾಗಿಲು ಮುಟ್ಟಿದವರಿಗೆ. ಬಾಗಿಲು ಮುಟ್ಟುವ ಮೊದಲೇ ಹೃದಯ ನಿಂತವರಿಗೆ ಯೋಜನೆ ಎಂದರೆ ಪಕ್ಕದವನ ಎರಡು ಕೈ ಮಾತ್ರ.

ಈ ಸೀಮೆಯ ಜನ 2024ರಲ್ಲಿ ಲೋಕಸಭೆಗೆ ಆರಿಸಿ ಕಳಿಸಿದ್ದು ಯಾರನ್ನು? ಜಯದೇವ ಹೃದ್ರೋಗ ಸಂಸ್ಥೆಯನ್ನು ವರ್ಷಗಟ್ಟಲೆ ನಡೆಸಿದ ಡಾ. ಸಿ.ಎನ್. ಮಂಜುನಾಥ್ ಅವರನ್ನು. 2023ರಲ್ಲಿ ವಿಧಾನಸಭೆಗೆ ಆರಿಸಿದ್ದು, ಅದೇ ವರ್ಷ ಉಪಮುಖ್ಯಮಂತ್ರಿಯಾದ ಡಿ.ಕೆ. ಶಿವಕುಮಾರ್ ಅವರನ್ನು. ಪಕ್ಷ ಬೇರೆ ಬೇರೆ, ಇರಲಿ. ಹೃದಯದ ವಿಷಯ ಬಲ್ಲವರೊಬ್ಬರು, ಅಧಿಕಾರ ಬಲ್ಲವರೊಬ್ಬರು. ಇಂಥ ಜೋಡಿ ಎಲ್ಲ ತಾಲ್ಲೂಕುಗಳಿಗೂ ಸಿಗುವುದಿಲ್ಲ. ಮುಂದಿನ ಸಲ ಯಾರೇ ಮಾಲೆ ಹಾಕಿಸಿಕೊಳ್ಳಲು ಕೋಡಿಹಳ್ಳಿಗೆ ಬಂದರೂ ಜನ ಕೇಳಬೇಕಾದ್ದು ಎರಡು ಸಣ್ಣ ಪ್ರಶ್ನೆ. ಸ್ವಾಮಿ, ಈ ಹೋಬಳಿಯ ಶಾಕ್ ಪೆಟ್ಟಿಗೆ ಎಲ್ಲಿದೆ? ಅದರ ಕೀಲಿಕೈ ರಾತ್ರಿ ಹೊತ್ತು ಯಾರ ಹತ್ತಿರ ಇರುತ್ತದೆ?

ಉತ್ತರ ಬರುವವರೆಗೆ ಕೋಡಿಹಳ್ಳಿಯವರು ಮಾಡಬಹುದಾದ್ದೂ ಒಂದಿದೆ. ಅಂಗಡಿ ಮುಚ್ಚುವ ಒಂದು ದಿನ, ಊರಿನ ಡಾಕ್ಟರನ್ನು ಕರೆದು ಕೂರಿಸಿಕೊಂಡು, ದಿಂಬಿನ ಮೇಲೋ ಗೋಣಿಚೀಲದ ಮೇಲೋ ಕೈಯಿಟ್ಟು, ಒಂದು, ಎರಡು, ಮೂರು ಎಂದು ಎಣಿಸಲು ಕಲಿಯುವುದು.

ಕನಕಪುರದ ಬಸ್ಸಿಗೆ ಆಮೇಲೆ ಕಾಯಬಹುದು.